ಹೆಚ್ಚು ಕಂತಿನ ಜೀವ

ಜೀವವಿಮೆಯ ಪ್ರಸ್ತಾವಪತ್ರದಲ್ಲಿ, ಆರೋಗ್ಯವಂತರು ಓದುವ ಗೋಜಿಗೂ ಹೋಗದೆ ‘ಇಲ್ಲ’ವೆಂದು ಬರೆದು ಮುಂದೆ ಸಾಗುವ, ಆದರೆ ನನ್ನಂಥವರ ಲೇಖನಿಯನ್ನು ಅಲ್ಲಿಯೇ ತಡೆದು ನಿಲ್ಲಿಸುವ ಪ್ರಶ್ನೆಯೊಂದುಂಟು: ನಿಮ್ಮ ಜೀವದ ಮೇಲಿನ ಯಾವುದಾದರೂ ಪ್ರಸ್ತಾವವು ಹಿಂದೆ ನಿರಾಕೃತವಾಗಿದೆಯೆ, ಮುಂದೂಡಲ್ಪಟ್ಟಿದೆಯೆ, ಅಥವಾ ಹೆಚ್ಚುವರಿ ಕಂತಿನ ಮೇಲೆ ಅಂಗೀಕೃತವಾಗಿದೆಯೆ? ಈ ಪ್ರಶ್ನೆಗೆ ನಾನು ‘ಹೌದು’ ಎಂದು ಬರೆಯಹೊರಟಾಗ, ನಮ್ಮ ಬಡಾವಣೆಯ ಅರ್ಧ ಮನೆಗಳಿಗೆ ಕಂತಿನ ದಿನವನ್ನು ತಪ್ಪದೆ ನೆನಪಿಸುತ್ತಿದ್ದ ಸಜ್ಜನರಾದ ಏಜೆಂಟರು ನನ್ನ ಕೈಯನ್ನು ಮೆಲ್ಲನೆ ತಡೆದು, “ಅದನ್ನೆಲ್ಲ ಯಾಕೆ ಬರೀತೀರಿ ಸಾರ್? ಬರೆದರೆ ಡಿವಿಜನಲ್ ಆಫೀಸಿಗೆ ಹೋಗಿ ಕೂತುಬಿಡುತ್ತೆ. ವಾಸಿಯಾದ ಕಾಯಿಲೆ ತಾನೆ?” ಎಂದರು.

ವಾಸಿಯಾದದ್ದು ನಿಜವೇ. ಯೌವನದ ಕೊನೆಯಲ್ಲಿ ನನ್ನನ್ನು ಹಿಡಿದಿದ್ದ ಶ್ವಾಸಕೋಶದ ಕ್ಷಯವು ಆರು ತಿಂಗಳ ಗುಳಿಗೆಗಳಿಗೆ ಮಣಿದು ಹೊರಟುಹೋಗಿತ್ತು. ಆದರೆ ಚಿಕಿತ್ಸೆ ಮುಗಿದ ವರ್ಷದಲ್ಲಿಯೇ ನಾನು ಸಲ್ಲಿಸಿದ್ದ ಪ್ರಸ್ತಾವವು, ಸದ್ಯಕ್ಕೆ ಮುಂದೂಡಲಾಗಿದೆ ಎಂಬ ಒಂದೇ ವಾಕ್ಯದ ಪತ್ರವನ್ನು ಹೊತ್ತು ಹಿಂದಿರುಗಿತ್ತು. ಮರಳಿ ಪ್ರಯತ್ನಿಸುವಷ್ಟರಲ್ಲಿ, ತಂದೆಯವರಿಂದ ಬಂದ ಏಕಮಾತ್ರ ಪಿತ್ರಾರ್ಜಿತ ಆಸ್ತಿಯೆಂಬಂತೆ, ಸಕ್ಕರೆ ಕಾಯಿಲೆಯೂ ಬಂದು ಸೇರಿತು.

ಈ ಎರಡು ರೋಗಗಳನ್ನು ವಿಮೆಯವರು ಎರಡು ಬೇರೆಯ ಕಣ್ಣುಗಳಿಂದ ನೋಡುತ್ತಾರೆಂಬ ತಥ್ಯವನ್ನು ನನಗೆ ತಿಳಿಸಿದವರು, ಪ್ರಸ್ತಾವಗಳನ್ನು ತೂಗಿ ನಿರ್ಣಯಿಸುವ ವಿಭಾಗದಲ್ಲಿಯೇ ಬಹುಕಾಲ ದುಡಿದು ನಿವೃತ್ತರಾಗಿದ್ದ ನನ್ನ ಸೋದರಮಾವ. “ಅವರು ಬೆಲೆ ಕಟ್ಟೋದು ಕಾಯಿಲೆಗಲ್ಲ ಕಣೋ, ಅಪಾಯ ಯಾವ ಕಡೆಗೆ ನಡೀತಿದೆ ಅನ್ನೋದಕ್ಕೆ” ಎಂದು ಅವರು ಹೇಳಿದ ಮಾತಿನ ತಾತ್ಪರ್ಯ ಇಷ್ಟು. ಕ್ಷಯ, ಇತ್ತೀಚಿನ ಶಸ್ತ್ರಚಿಕಿತ್ಸೆ ಮುಂತಾದವುಗಳಲ್ಲಿ ಅಪಾಯವು ಆರಂಭದಲ್ಲಿ ಅಧಿಕವಾಗಿದ್ದು ಕಾಲ ಕಳೆದಂತೆ ಕ್ಷೀಣಿಸುವುದಾದ್ದರಿಂದ, ಅಂಥ ಪ್ರಸ್ತಾವವನ್ನು ಕೆಲಕಾಲ ಮುಂದೂಡುತ್ತಾರೆ, ಇಲ್ಲವೆ ಮೊದಲ ಕೆಲವು ವರ್ಷಗಳಲ್ಲಿ ಮರಣ ಸಂಭವಿಸಿದರೆ ಪೂರ್ಣ ಮೊತ್ತದ ಒಂದಂಶವನ್ನು ಮಾತ್ರ ಕೊಡುವುದಾಗಿ ‘ಲೀನ್’ ಎಂಬ ಕಟ್ಟಳೆಯನ್ನು ವಿಧಿಸುತ್ತಾರೆ. ಮಧುಮೇಹ, ರಕ್ತದೊತ್ತಡಗಳಲ್ಲಾದರೋ ಅಪಾಯವು ವಯಸ್ಸಿನೊಡನೆ ವರ್ಧಿಸುವುದರಿಂದ, ಕಾಯುವುದರಿಂದ ಯಾರಿಗೂ ಲಾಭವಿಲ್ಲ. ಅಲ್ಲಿ ಸಾವಿರಕ್ಕೆ ಇಷ್ಟೆಂದು ಹೆಚ್ಚುವರಿ ಕಂತನ್ನು ಹೇರುವುದೇ ಕ್ರಮ. ಇದನ್ನು ಕೇಳಿದ ಮೇಲೆ ಆ ಒಂದು ವಾಕ್ಯದ ಪತ್ರದಲ್ಲಿ ನನಗೆ ತಿರಸ್ಕಾರವು ಕಾಣದಾಯಿತು. ಮುಂದೂಡಿದ್ದಾರೆಂದರೆ, ಮತ್ತೆ ಬಾ ಎಂದಿದ್ದಾರೆ, ಅಷ್ಟೆ. ಸಂಪೂರ್ಣ ನಿರಾಕರಣೆಯೂ ಶಾಶ್ವತವೇನಲ್ಲ, ಅದು ಆ ಹೊತ್ತಿನ ಕಾಗದಗಳ ಮೇಲೆ ಕೊಟ್ಟ ತೀರ್ಪು ಮಾತ್ರವೆಂಬುದು ಮಾವನವರ ಅಭಿಪ್ರಾಯವಾಗಿತ್ತು.

ಹೆಚ್ಚು ಕಂತಿನ ಅಪಮಾನವನ್ನು ಕುರಿತು ಇಲ್ಲಿಯೇ ಒಂದು ಮಾತನ್ನು ಆಡಿಬಿಡಬಹುದು. 1818ರಲ್ಲಿ ಕಲ್ಕತ್ತೆಯಲ್ಲಿ ಓರಿಯಂಟಲ್ ಎಂಬ ಕಂಪನಿಯೊಡನೆ ಈ ದೇಶದಲ್ಲಿ ಕಾಲಿಟ್ಟ ಜೀವವಿಮೆಯು ಬಹುಕಾಲ ಯುರೋಪಿಯನ್ನರ ಹಿತಕ್ಕೆಂದೇ ನಡೆಯಿತು. ಮುಂದೆ ಭಾರತೀಯರನ್ನು ಸೇರಿಸಿಕೊಂಡಾಗಲೂ, ಭಾರತೀಯನೆಂಬ ಒಂದೇ ಕಾರಣಕ್ಕಾಗಿ ಅವನ ಜೀವವನ್ನು ಹೀನವೆಂದೆಣಿಸಿ ಅಧಿಕ ಕಂತನ್ನು ವಸೂಲುಮಾಡುತ್ತಿದ್ದರು. 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುಯಲ್ ಸಂಸ್ಥೆಯು ಸಾಮಾನ್ಯ ದರದಲ್ಲಿ ಭಾರತೀಯರ ಜೀವಕ್ಕೆ ವಿಮೆ ಕೊಟ್ಟಿತು. ನಮ್ಮ ಪೂರ್ವಿಕರೆಲ್ಲರೂ ಒಂದು ಕಾಲಕ್ಕೆ ನನ್ನ ವರ್ಗದವರೇ ಆಗಿದ್ದರೆಂಬುದು ನನಗೆ ಕಿಂಚಿತ್ ಸಮಾಧಾನದ ಸಂಗತಿ.

ಎರಡನೆಯ ಬಾರಿ ಏಜೆಂಟರ ಆಕ್ಷೇಪವನ್ನು ಮೀರಿ ಎಲ್ಲವನ್ನೂ ಬರೆದೆ. ಪ್ಯಾನೆಲ್ ಡಾಕ್ಟರರು ಎದೆಯನ್ನು ಉಸಿರೆಳೆದಾಗಲೂ ಬಿಟ್ಟಾಗಲೂ ಅಳೆದು, ಹೊಟ್ಟೆಯ ಸುತ್ತಳತೆಯನ್ನು ಸ್ವಲ್ಪ ವಿಷಾದದಿಂದಲೇ ಗುರುತುಮಾಡಿಕೊಂಡು, ಎಕ್ಸ್‌ರೇ, ಇಸಿಜಿ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ ಇವುಗಳಿಗೆ ಚೀಟಿ ಬರೆದುಕೊಟ್ಟರು. ಕ್ಷಯದ ಚಿಕಿತ್ಸೆ ಪೂರ್ಣವಾಯಿತೆಂಬ ಕಾರ್ಡನ್ನು ನನ್ನ ಮನೆಯಾಕೆ ಮದುವೆಯ ಫೋಟೋಗಳ ಜೊತೆಗೆ ಜೋಪಾನಮಾಡಿ ಇಟ್ಟಿದ್ದಳು. ಅದರ ಪ್ರತಿಯನ್ನೂ, ಹಿಂದಿನ ಮುಂದೂಡಿಕೆಯ ಪತ್ರವನ್ನೂ, ಸಕ್ಕರೆಯ ಹಲವು ಕಾಲದ ವರದಿಗಳನ್ನೂ ಲಗತ್ತಿಸಿದೆ. ನಾನು ಕೇಳಿದ್ದ ಟರ್ಮ್ ಪಾಲಿಸಿಯನ್ನು ಅವರು ಕೊಡಲಿಲ್ಲ. ಎಂಡೋಮೆಂಟ್ ಪಾಲಿಸಿಯನ್ನು ಹೆಚ್ಚುವರಿ ಕಂತಿನ ಮೇಲೆ ಕೊಡಬಹುದು, ಒಪ್ಪಿಗೆಯಿದ್ದರೆ ಸಹಿ ಮಾಡಿ ಕಳುಹಿಸುವುದು ಎಂಬ ಪತ್ರ ಬಂದಿತು. ಎಂಡೋಮೆಂಟಿನಲ್ಲಿ ನಮ್ಮದೇ ಉಳಿತಾಯ ವರ್ಷವರ್ಷಕ್ಕೆ ಕೂಡುತ್ತ ಹೋಗುವುದರಿಂದ ಕಂಪನಿಯು ತನ್ನ ಕೈಯಿಂದ ಕೊಡಬೇಕಾದ ಭಾಗವು ಕುಗ್ಗುತ್ತದೆ. ಟರ್ಮ್ ಪಾಲಿಸಿಯಲ್ಲಿ ಕಡೆಯ ದಿನದವರೆಗೂ ಪೂರ್ತಿ ಭಾರ ಅದರ ಮೇಲೆಯೇ. ರೋಗಿಗೆ ಮೊದಲನೆಯದು ಸುಲಭವಾಗಿಯೂ ಎರಡನೆಯದು ಕಷ್ಟವಾಗಿಯೂ ದೊರೆಯುವುದಕ್ಕೆ ಇದೇ ಕಾರಣ. “ರೀ, ಜಾಸ್ತಿ ಕಟ್ಟಿದರೆ ಕಟ್ಟೋಣ, ಸುಳ್ಳಿಲ್ಲದ ಕಾಗದ ಮನೇಲಿರಲಿ” ಎಂದಳು ಆಕೆ, ಸಹಿ ಹಾಕಿದೆ.

ಆ ಮಾತಿನ ಹಿಂದೆ ನಾವಿಬ್ಬರೂ ಕಂಡಿದ್ದ ಸಂಗತಿಯೊಂದಿತ್ತು. ರಕ್ತದೊತ್ತಡವನ್ನೂ ಹಿಂದಿನ ನಿರಾಕರಣೆಯನ್ನೂ ಮರೆಮಾಚಿ ಪಾಲಿಸಿ ಪಡೆದಿದ್ದ ನನ್ನ ಸಹೋದ್ಯೋಗಿಯೊಬ್ಬರು ಎರಡನೆಯ ವರ್ಷದಲ್ಲಿಯೇ ತೀರಿಕೊಂಡಾಗ, ಕಂಪನಿಯವರು ಆಸ್ಪತ್ರೆಯ ಕೇಸ್ ಶೀಟನ್ನು ತರಿಸಿ, ಹಕ್ಕುಕೇಳಿಕೆಯನ್ನು ತಳ್ಳಿಹಾಕಿ, ಕಟ್ಟಿದ ಕಂತುಗಳನ್ನಷ್ಟೇ ಆ ವಿಧವೆಯ ಕೈಗಿತ್ತರು. 1938ರ ವಿಮಾ ಕಾಯಿದೆಯ 45ನೆಯ ಪ್ರಕರಣದಂತೆ, 2015ರ ತಿದ್ದುಪಡಿಯ ತರುವಾಯ, ಮೂರು ವರ್ಷ ಪೂರೈಸಿದ ಪಾಲಿಸಿಯನ್ನು ಯಾವ ಕಾರಣದಿಂದಲೂ ಪ್ರಶ್ನಿಸುವಂತಿಲ್ಲ. ಇದನ್ನೇ ಹಿಡಿದು, ಮೂರು ವರ್ಷ ಬದುಕಿದರಾಯಿತು ಎಂದು ಉಪದೇಶಿಸುವ ಜಾಣರಿದ್ದಾರೆ. ಆದರೆ ಆ ಮೂರು ವರ್ಷಗಳ ಭರವಸೆಯೇ ಇಲ್ಲದವನಲ್ಲವೆ ವಿಮೆಗಾಗಿ ಕಾತರಿಸುವವನು? ಮೇಲಾಗಿ ಕಂತು ತಪ್ಪಿ ಪಾಲಿಸಿ ರದ್ದಾಗಿ ಅದನ್ನು ಪುನರುಜ್ಜೀವನಗೊಳಿಸಿದರೆ, ಅಂದಿನಿಂದ ಮೂರು ವರ್ಷಗಳ ಎಣಿಕೆ ಹೊಸದಾಗಿ ಮೊದಲಾಗುತ್ತದೆ. ಆರೋಗ್ಯದ ಘೋಷಣೆಯನ್ನು ಮತ್ತೆ ಬರೆದುಕೊಡಬೇಕು. ಆದುದರಿಂದ ರೋಗಿಯಾದವನು ಮನೆಯ ಬೇರೆ ಯಾವ ಖರ್ಚನ್ನು ತಡೆದರೂ ಕಂತನ್ನು ತಪ್ಪಿಸಬಾರದು.

ಕಂಪನಿಯ ವೈದ್ಯರೇ ಪರೀಕ್ಷಿಸಿ ಒಪ್ಪಿದ್ದಾರಲ್ಲ ಎಂಬ ಸಮಾಧಾನವೂ ದುರ್ಬಲವೇ. 1962ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮಿಠೂಲಾಲ್ ನಾಯಕ್ ಮೊಕದ್ದಮೆಯಲ್ಲಿ, ವಿಮೆ ಮಾಡಿಸಿದ್ದಾತನು ಪ್ರಸ್ತಾವಕ್ಕೆ ಕೆಲವೇ ತಿಂಗಳ ಹಿಂದೆ ರಕ್ತಹೀನತೆಯೇ ಮೊದಲಾದುವುಗಳಿಗೆ ಚಿಕಿತ್ಸೆ ಪಡೆದದ್ದನ್ನು ಬುದ್ಧಿಪೂರ್ವಕವಾಗಿ ಮುಚ್ಚಿಟ್ಟಿದ್ದನೆಂದು ಸಿದ್ಧವಾದಾಗ, ಆ ವಾದವು ನಿಲ್ಲಲಿಲ್ಲ; ವಿಮೆಯ ಹಣವೂ ಬರಲಿಲ್ಲ, ಕಟ್ಟಿದ ಕಂತೂ ಹಿಂದಿರುಗಲಿಲ್ಲ.

ಎಲ್ಲ ಬಾಗಿಲುಗಳೂ ಮುಚ್ಚಿದವರಿಗೆ ಸಣ್ಣ ಕಿಂಡಿಗಳು ಇಲ್ಲದೆ ಇಲ್ಲ. ಉದ್ಯೋಗ ಕೊಟ್ಟವರು ಎಲ್ಲ ನೌಕರರಿಗೂ ಒಟ್ಟಾಗಿ ಮಾಡಿಸುವ ಸಮೂಹ ವಿಮೆಯಲ್ಲಿ ಒಬ್ಬೊಬ್ಬರ ನಾಡಿ ಹಿಡಿದು ನೋಡುವುದು ವಿರಳ. ಬ್ಯಾಂಕಿನ ಖಾತೆಯುಳ್ಳ 18ರಿಂದ 50ರ ವಯಸ್ಸಿನವರು ವರ್ಷಕ್ಕೆ 436 ರೂಪಾಯಿ ಕೊಟ್ಟು, ವೈದ್ಯಪರೀಕ್ಷೆಯಿಲ್ಲದೆ, ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಯಲ್ಲಿ 2 ಲಕ್ಷ ರೂಪಾಯಿಯ ರಕ್ಷಣೆಯನ್ನು ಪಡೆಯಬಹುದು. ಸೇರಿದ ಮೊದಲ 30 ದಿನಗಳಲ್ಲಿ ಅಪಘಾತದ ಮರಣಕ್ಕಲ್ಲದೆ ಬೇರೆಯದಕ್ಕೆ ಅದು ಅನ್ವಯಿಸದು. ಮೊತ್ತ ಅಲ್ಪವೇ, ಆದರೂ ಇಲ್ಲದುದಕ್ಕಿಂತ ಲೇಸು.

ಹಿಂದೊಮ್ಮೆ ನಿರಾಕೃತರಾದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಕೇಳಿ. ಆ ಕಾರಣಕ್ಕೆ ಉತ್ತರವಾಗಬಲ್ಲ ವರದಿಗಳು ಕೈಸೇರುವವರೆಗೆ ಕಂಪನಿಯಿಂದ ಕಂಪನಿಗೆ ಅರ್ಜಿಯನ್ನು ಹೊರಬೇಡಿ, ಏಕೆಂದರೆ ಪ್ರತಿಯೊಂದು ಹೊಸ ನಿರಾಕರಣೆಯೂ ಮುಂದಿನ ಪ್ರಸ್ತಾವಪತ್ರದಲ್ಲಿ ಬರೆಯಬೇಕಾದ ಇನ್ನೊಂದು ‘ಹೌದು’ ಆಗುತ್ತದೆ. ಪಾಲಿಸಿ ಕೈಗೆ ಬಂದ ದಿನ ಅದರೊಡನಿರುವ ಪ್ರಸ್ತಾವಪತ್ರದ ಪ್ರತಿಯನ್ನು ಮನೆಯವರೊಡನೆ ಕುಳಿತು ಒಮ್ಮೆ ಓದಿ, ಏಜೆಂಟರ ಕೈಬರಹದಲ್ಲಿ ನೀವು ಹೇಳದ ‘ಇಲ್ಲ’ ಯಾವುದಾದರೂ ಉಳಿದಿದ್ದರೆ ಕೂಡಲೆ ಪತ್ರ ಬರೆದು ತಿದ್ದಿಸಿ.