ಸುರಂಗದ ಆಚೆಯ ಬೆರಳಚ್ಚು

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ತಂದೆಯವರು ಇಂದಿಗೂ ಹೆಬ್ಬೆಟ್ಟನ್ನೊತ್ತುವವರು. ಕಳೆದ ರಜೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನು ದೂರದೂರಿನ ಡೇಟಾಬೇಸಿಗೆ ಸೇರಿಸುವ ಕೆಲಸ ನನಗೆ ದೊರೆಯಿತು. ನಮ್ಮಂಥ ಮನೆಗಳ ವರಮಾನದ ವಿವರಗಳೇ ಅವುಗಳಲ್ಲಿದ್ದುವು.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು ಸಾಮಾನ್ಯವಾಗಿ 5432ನೆಯ ಪೋರ್ಟಿನಲ್ಲಿ, ಎಂದರೆ ಬಾಗಿಲಿನಲ್ಲಿ, ಕಾದಿರುತ್ತದೆ. ಅದನ್ನು ಜಗತ್ತಿಗೆಲ್ಲ ತೆರೆದಿಡುವುದು ಅಪಾಯ. ಆದುದರಿಂದ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸುರಂಗವನ್ನು ಹೂಡುತ್ತಾರೆ. ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳು ಕಳವಾದ ಮೇಲೆ, 1995ರಲ್ಲಿ, ತಾತು ಯುಲೋನೆನ್ ಇದನ್ನು ರಚಿಸಿದರು. ನನ್ನ ಕಂಪ್ಯೂಟರಿನ 5433ನೆಯ ಬಾಗಿಲಿಗೆ ಹಾಕಿದ್ದು, ಆಚೆಯ ಯಂತ್ರದ 22ನೆಯ ಬಾಗಿಲವರೆಗೆ ಗೂಢವಾಗಿ ಸಾಗಿ, ಅಲ್ಲಿ ಒಳಗೊಳಗೇ 5432ನ್ನು ಸೇರುತ್ತದೆ. ನಡುದಾರಿಯಲ್ಲಿ ಇಣುಕಿದವನಿಗೆ ತಲೆಬುಡ ತಿಳಿಯದು.

ಆದರೆ ಆ ತುದಿಯಲ್ಲಿರುವುದು ಯಾರು? ಮೊದಲ ಸಲ ಹೋದಾಗ ಆಚೆಯ ಯಂತ್ರದ ಬೆರಳಚ್ಚೆಂಬ ಉದ್ದನೆಯ ಅಕ್ಷರಸಾಲು ಕಾಣಿಸಿ, ಮುಂದುವರಿಯಬಹುದೇ ಎಂಬ ಪ್ರಶ್ನೆ ಬರುತ್ತದೆ. ನಾನೋ, ಓದದೆಯೇ ಹೌದೆಂದುಬಿಟ್ಟೆ! ಅಲ್ಲಿ ಕಳ್ಳಯಂತ್ರವಿದ್ದಿದ್ದರೆ ಸುರಂಗವೇ ಎಲ್ಲವನ್ನೂ ಅದಕ್ಕೆ ಒಪ್ಪಿಸುತ್ತಿತ್ತು. ತಂದೆಯವರ ಹೆಬ್ಬೆಟ್ಟು ತಾಳೆಯಾಗದೆ ರೇಷನ್ ಅಂಗಡಿಯವರು ಅಕ್ಕಿಯನ್ನೂ ಅಳೆಯುವುದಿಲ್ಲ!

ರಾತ್ರಿಯೆಲ್ಲ ನಿದ್ರೆ ಬರಲಿಲ್ಲ. ಬೆಳಗ್ಗೆ ಆ ಯಂತ್ರವನ್ನು ನೋಡಿಕೊಳ್ಳುವವರಿಗೆ ಫೋನು ಮಾಡಿ ಅಕ್ಷರಕ್ಕೆ ಅಕ್ಷರ ಓದಿಸಿಕೊಂಡೆ. ತಾಳೆಯಾಯಿತು.