ಡಿಸ್ಕ್ ಕೊಳ್ಳುವ ಮುನ್ನ

ಸನವಳ್ಳಿಯಿಂದ ಬರೆದ ನಿಮಗೆ: ಮನೆಮಂದಿಯ ಫೋಟೊಗಳಿಗೆ ಎರಡು ಡಿಸ್ಕಿನ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಸಂಗ್ರಹ ಪೆಟ್ಟಿಗೆ) ಇಡುವ ಯೋಚನೆ ಒಳ್ಳೆಯದೇ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಯಾವುದೋ ಡಿಸ್ಕ್ ತರಬೇಡಿ; ಟ್ರ್ಯಾಕುಗಳು ಅಕ್ಕಪಕ್ಕ ಬಿಡಿಬಿಡಿಯಾಗಿರುವ ಸಿಎಂಆರ್ ತಂತ್ರದ್ದನ್ನೇ ಕೇಳಿ ಕೊಳ್ಳಿ, ಎಸ್‌ಎಂಆರ್ ತಂತ್ರದ್ದು ಬೇಡ. ಎಸ್‌ಎಂಆರ್ ಡಿಸ್ಕಿನಲ್ಲಿ ಮಾಹಿತಿಯ ಟ್ರ್ಯಾಕುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಚಾಚಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಕೆಟ್ಟ ಡಿಸ್ಕ್ ಬದಲಿಸಿ ರೇಡ್ (ಡಿಸ್ಕುಗಳ ಒಟ್ಟು ಜೋಡಣೆ) ಮರುಜೋಡಿಸುವಾಗ ಇದರಿಂದ ಕೆಲಸ ತೀರಾ ನಿಧಾನವಾಗಬಹುದು. ಡಬ್ಲ್ಯುಡಿ ರೆಡ್‌ನ ಕೆಲವು ಮಾದರಿಗಳೂ ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಯಿತು. ಹಾಗಾಗಿ ಸಿಎಂಆರ್ ಆಗಿರುವ ಡಬ್ಲ್ಯುಡಿ ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್ ತೆಗೆದುಕೊಳ್ಳಿ.

ಮುಂಡಗೋಡ ಕಡೆಯ ಮಳೆಗಾಲದಲ್ಲಿ ಕರೆಂಟ್ ಹೋದರೆ ಎಂದು ಯುಪಿಎಸ್ ಬೇಕೇ ಬೇಕು. ಇನ್ನೊಂದು ಮಾತು: ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇಡುವ ರೇಡ್ 1 ಇದ್ದರೂ ಕೈತಪ್ಪಿ ಅಳಿಸಿದ ಫೋಟೊ ಎರಡೂ ಡಿಸ್ಕಿನಿಂದ ಹೋಗುತ್ತದೆ. ಬೇರೊಂದು ಯುಎಸ್‌ಬಿ ಡಿಸ್ಕಿಗೆ ಪ್ರತಿ ತೆಗೆದು, ಬೇರೆ ಊರಿನ ನೆಂಟರ ಮನೆಯಲ್ಲಿಡಿ.