ಸದ್ದು ಮಾಡದ ಫ್ಯಾನ್: ಮನೆಯೊಳಗಿನ ಅಣಬೆ ಕೋಣೆಗೆ

ಈ ಪಾಠಕ್ಕೆ ಪೆನ್ಸಿಲ್, ಅಳತೆ ಟೇಪ್ ಮತ್ತು ಮನೆಯ ಕೊನೆಯ ಕರೆಂಟ್ ಬಿಲ್ಲು ಬೇಕು. ಗುಣಿಸಲು, ಭಾಗಿಸಲು ಬಂದರೆ ಸಾಕು.

ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಮನೆಯಲ್ಲೇ ಅಣಬೆ ಬೆಳೆಯುವವರು ಇದ್ದಾರೆ. ತುಳುವಿನಲ್ಲಿ ಅಲಂಬು, ಮಲಯಾಳದಲ್ಲಿ ಕೂಣ್. ಹೆಚ್ಚಿನವರು ಬೆಳೆಯುವುದು ಚಿಪ್ಪು ಅಣಬೆ. ಬೇಯಿಸಿದ ಬೈಹುಲ್ಲು, ಪ್ಲಾಸ್ಟಿಕ್ ಚೀಲ, ಅಣಬೆ ಬೀಜ, ಒಂದು ಸಣ್ಣ ಕೋಣೆ ಇದ್ದರೆ ಕೆಲಸ ಶುರು ಮಾಡಬಹುದು. ಬೈಹುಲ್ಲು ಮಾತ್ರವಲ್ಲ, ತೆಂಗಿನ ಗರಿಯ ದಂಟು, ಗೊನೆಯ ಕಸದಲ್ಲೂ ಬೆಳೆಯಬಹುದೆಂದು ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ತೋರಿಸಿದೆ.

ಈ ಕೋಣೆ ಸಾಧಾರಣವಾಗಿ ಮನೆಯ ಒಳಗೇ ಇರುತ್ತದೆ. ಉಗ್ರಾಣವೋ, ಹಿಂದಿನ ಚಾವಡಿಯ ಒಂದು ಮೂಲೆಯೋ. ಅದರ ಗೋಡೆಯ ಆಚೆ ಬದಿಯಲ್ಲಿ ಅತ್ತೆ ಮಲಗುತ್ತಾರೆ, ಇಲ್ಲವೇ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮಗಳು ಓದುತ್ತಾಳೆ. ಅಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಗೊರ್ರ್ ಎಂದು ಸದ್ದು ಮಾಡುತ್ತಿದ್ದರೆ ಯಾರಿಗೆ ನಿದ್ದೆ ಬರುತ್ತದೆ? ರಾತ್ರಿ ಯಾರಾದರೂ ಎದ್ದು ಸ್ವಿಚ್ ಆರಿಸುತ್ತಾರೆ. ಫ್ಯಾನ್ ನಿಂತರೆ ಬೆಳಿಗ್ಗೆಯವರೆಗೆ ಕೋಣೆಯ ಗಾಳಿ ಬದಲಾಗುವುದಿಲ್ಲ. ನಷ್ಟ ಶುರುವಾಗುವುದು ಅಲ್ಲಿಂದ.

ಅಣಬೆಗೆ ಗಾಳಿ ಯಾಕೆ?

ಅಣಬೆ ಗಿಡ ಅಲ್ಲ. ಬಿಸಿಲು ಕುಡಿದು ಆಹಾರ ಮಾಡಿಕೊಳ್ಳುವ ಹಸಿರು ಅದಕ್ಕೆ ಇಲ್ಲ. ನಮ್ಮ ಹಾಗೆ ಅದೂ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹಗಲೂ ಬಿಡುತ್ತದೆ, ರಾತ್ರಿಯೂ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಈ ಕೆಟ್ಟ ಗಾಳಿ ತುಂಬಿದರೆ ಅಣಬೆಯ ಕಾಲು ಉದ್ದವಾಗುತ್ತದೆ, ಟೊಪ್ಪಿ ಬಟನಿನಷ್ಟೇ ಉಳಿಯುತ್ತದೆ. ಅಂಥದ್ದನ್ನು ಪೇಟೆಯಲ್ಲಿ ಯಾರೂ ಕೊಳ್ಳುವುದಿಲ್ಲ. ನೀವು ನೀರು ಸರಿಯಾಗಿ ಹಾಕಿದ್ದೀರಿ, ಬೀಜವೂ ಒಳ್ಳೆಯದೇ, ಆದರೂ ಕಾಲು ಉದ್ದ, ಟೊಪ್ಪಿ ಸಣ್ಣ ಎಂದಾದರೆ ಮೊದಲು ಗಾಳಿಯನ್ನು ಸಂಶಯಿಸಿ.

ಚೀಲ ಕಟ್ಟಿದ ಮೊದಲ 15–20 ದಿನ ಫ್ಯಾನ್ ಅಗತ್ಯವಿಲ್ಲ. ಆಗ ಬಿಳಿ ನೂಲು ಕತ್ತಲಲ್ಲಿ ಹುಲ್ಲಿನೊಳಗೆ ಹಬ್ಬುತ್ತಿರುತ್ತದೆ. ಚೀಲ ಬಿಡಿಸಿ, ಮೊಗ್ಗು ಕಾಣುವ ಹೊತ್ತಿಗೆ ಫ್ಯಾನ್ ಬೇಕೇ ಬೇಕು.

ಇನ್ನೊಂದು ಕಾರಣವೂ ಉಂಟು. ಬಲಿತ ಚಿಪ್ಪು ಅಣಬೆ ಬಿಳಿ ಹುಡಿ ಉದುರಿಸುತ್ತದೆ. ಅದು ಅಣಬೆಯ ಬೀಜಾಣು. ದಿನಾ ಅದನ್ನು ಉಸಿರಾಡುವವರಿಗೆ ಕೆಮ್ಮು, ಉಬ್ಬಸ, ಕೆಲವರಿಗೆ ಜ್ವರವೂ ಬರಬಹುದು. ಟೊಪ್ಪಿಯ ಅಂಚು ಚಪ್ಪಟೆಯಾಗಿ ಮೇಲಕ್ಕೆ ಮಡಚುವ ಮೊದಲೇ ಕೊಯ್ದರೆ ಹುಡಿ ಕಡಿಮೆ. ಕೋಣೆಗೆ ಹೋಗುವಾಗ ಮಾಸ್ಕ್ ಹಾಕಿ. ಫ್ಯಾನಿನ ಗಾಳಿ ಮನೆಯ ಹೊರಗೆ ಹೋಗಬೇಕು. ಅಡಿಗೆ ಕೋಣೆಗೂ ಬೇಡ, ನೆರೆಮನೆಯ ಕಿಟಿಕಿಯ ಎದುರಿಗೂ ಬೇಡ.

ಎಷ್ಟು ಗಾಳಿ ಬೇಕು? ಲೆಕ್ಕ ಮಾಡೋಣ

ಕೋಣೆಯ ಉದ್ದ 8 ಅಡಿ, ಅಗಲ 6 ಅಡಿ, ಎತ್ತರ 8 ಅಡಿ ಎಂದಿಟ್ಟುಕೊಳ್ಳಿ.

8 × 6 × 8 = 384 ಘನ ಅಡಿ.

ಫ್ಯಾನಿನ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಘನ ಮೀಟರಿನ ಲೆಕ್ಕ ಇರುತ್ತದೆ. 1 ಘನ ಮೀಟರ್ ಎಂದರೆ ಸುಮಾರು 35 ಘನ ಅಡಿ. 384 ಅನ್ನು 35ರಿಂದ ಭಾಗಿಸಿ. ಉತ್ತರ ಸುಮಾರು 11. ಕೋಣೆಯೊಳಗೆ 11 ಘನ ಮೀಟರ್ ಗಾಳಿ ಉಂಟು ಎಂದಾಯಿತು.

ಮೊಗ್ಗು ಬಂದ ಮೇಲೆ ಈ ಗಾಳಿ ಗಂಟೆಗೆ ಸುಮಾರು 8 ಸಲ ಬದಲಾದರೆ ಒಳ್ಳೆಯದು. 11 × 8 = 88. ಗಂಟೆಗೆ 90 ಘನ ಮೀಟರ್ ಎಂದು ಇಟ್ಟುಕೊಳ್ಳೋಣ.

ಪೆಟ್ಟಿಗೆಯ ಮೇಲೆ 250 ಎಂದು ಬರೆದಿದ್ದರೆ? ಅದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ನಮ್ಮ ಕೋಣೆಯಲ್ಲಿ ಹುಳ ಬಾರದ ಹಾಗೆ ಬಲೆ ಇರುತ್ತದೆ, ಚೀಲಗಳು ತೂಗುತ್ತಿರುತ್ತವೆ. ಅರ್ಧ ಸಿಕ್ಕಿದರೆ ಪುಣ್ಯ. ಅರ್ಧ ಎಂದರೆ 125. ನಮಗೆ ಬೇಕಾದ್ದು 90. ಹಾಗಾಗಿ ಸಾಕು. ಸಣ್ಣ ಕೋಣೆಗೆ ಹೋಟೆಲಿನ ಅಡಿಗೆಮನೆಯ ಫ್ಯಾನ್ ಹಾಕುವ ಅಗತ್ಯ ಇಲ್ಲ. ಅತಿಯಾದ ಗಾಳಿ ತೇವವನ್ನೂ ಎಳೆದುಕೊಂಡು ಹೋಗುತ್ತದೆ, ಮೊಗ್ಗು ಒಣಗುತ್ತದೆ.

ಸದ್ದು ಎಲ್ಲಿಂದ ಬರುತ್ತದೆ?

ಇದನ್ನು ನಿಧಾನವಾಗಿ ಓದಿ. ಅಂಗಡಿಯಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ.

ಚಿಕ್ಕ ಫ್ಯಾನ್ ಎಂದರೆ ಚಿಕ್ಕ ಸದ್ದು ಎಂದು ನಾವು ಎಣಿಸುತ್ತೇವೆ. ಹಾಗಲ್ಲ. ಸದ್ದು ಮುಖ್ಯವಾಗಿ ಬರುವುದು ವೇಗದಿಂದ. ಚಿಕ್ಕ ರೆಕ್ಕೆ ಅಷ್ಟೇ ಗಾಳಿ ತಳ್ಳಬೇಕಾದರೆ ತುಂಬಾ ಜೋರಾಗಿ ತಿರುಗಬೇಕು. ದೊಡ್ಡ ರೆಕ್ಕೆಗೆ ಆ ಅವಸರ ಇಲ್ಲ. 6 ಇಂಚಿನ ಫ್ಯಾನ್ ನಿಮಿಷಕ್ಕೆ 2000 ಸುತ್ತು ತಿರುಗಿ ಕೊಡುವ ಗಾಳಿಯನ್ನು ಅದೇ ಆಕಾರದ 8 ಇಂಚಿನ ಫ್ಯಾನ್ ಸುಮಾರು 850 ಸುತ್ತಿನಲ್ಲಿ ಕೊಡಬಲ್ಲದು. ಆಗ ಸದ್ದು ಸುಮಾರು 10 ಡೆಸಿಬೆಲ್ ಕಡಿಮೆ. ಡೆಸಿಬೆಲ್ ಎಂದರೆ ಸದ್ದಿನ ಅಳತೆ. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧದಷ್ಟಾದ ಹಾಗೆ ಕೇಳುತ್ತದೆ.

ಆದ್ದರಿಂದ ಒಂದು ಅಳತೆ ದೊಡ್ಡ ಫ್ಯಾನ್ ಕೊಂಡು ನಿಧಾನವಾಗಿ ತಿರುಗಿಸಿ. ನನ್ನ ಮಟ್ಟಿಗೆ ಇದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ.

ಆದರೆ ನಿಧಾನದ ಫ್ಯಾನಿಗೆ ಎಳೆಯುವ ಬಲ ಕಡಿಮೆ. ಗಾಳಿ ಒಳಗೆ ಬರುವ ದಾರಿ ಇಕ್ಕಟ್ಟಾದರೆ ಅದು ಸುಮ್ಮನೆ ತಿರುಗುತ್ತದೆ, ಗಾಳಿ ಹೋಗುವುದಿಲ್ಲ. ಅದಕ್ಕೆ ಫ್ಯಾನಿನ ಎದುರು ಗೋಡೆಯಲ್ಲಿ ಫ್ಯಾನಿನ ತೂತಿಗಿಂತ ಎರಡು ಪಾಲು ದೊಡ್ಡ ಕಿಂಡಿ ಬಿಡಿ. ಬಲೆಯೇ ಅರ್ಧ ಜಾಗ ತಿನ್ನುತ್ತದೆ, ನೆನಪಿರಲಿ. ಕಿಂಡಿ ಮತ್ತು ಫ್ಯಾನ್ ಒಂದೇ ಗೋಡೆಯಲ್ಲಿ ಬೇಡ. ಹಾಗಿದ್ದರೆ ಬಂದ ಗಾಳಿ ಚೀಲಗಳ ಹತ್ತಿರ ಹೋಗದೆ ಹಾಗೇ ಹೊರಗೆ ಹೋಗುತ್ತದೆ.

ಅಂಗಡಿಯಲ್ಲಿ

– ಎಂತ ಬೇಕಿತ್ತು ಅಕ್ಕ?

– ಒಂದು ಎಕ್ಸಾಸ್ಟ್ ಫ್ಯಾನ್ ಅಣ್ಣ.

– ಬಾತ್‌ರೂಮಿಗಾ, ಅಡಿಗೆ ಕೋಣೆಗಾ?

– ಎರಡಕ್ಕೂ ಅಲ್ಲ, ಅಣಬೆ ಕೋಣೆಗೆ. ಪಕ್ಕದಲ್ಲೇ ಅತ್ತೆ ಮಲಗುವುದು. ಸದ್ದು ಇರಬಾರದು.

– ಹಾಗಾದ್ರೆ ಈ ಚಿಕ್ಕದು ಸಾಕು. ಇಷ್ಟು ಸಣ್ಣದಕ್ಕೆ ಎಂತ ಸದ್ದು?

– ಪೆಟ್ಟಿಗೆ ಒಮ್ಮೆ ಕೊಡಿ, ಓದ್ತೇನೆ. ಇದರಲ್ಲಿ 2000 ಸುತ್ತು ಅಂತ ಉಂಟಲ್ಲ ಅಣ್ಣ. 8 ಇಂಚಿನದ್ದು, ನಿಧಾನ ತಿರುಗುವುದು ಉಂಟಾ?

– ಉಂಟು. ರೇಟು ಸ್ವಲ್ಪ ಜಾಸ್ತಿ.

– ಅದರ ಪೆಟ್ಟಿಗೆಯನ್ನೂ ಕೊಡಿ. ರೆಗ್ಯುಲೇಟರ್ ಹಾಕ್ಬಹುದಾ ಇದಕ್ಕೆ?

– ಅದು… ನೋಡಿ ಹೇಳ್ಬೇಕಷ್ಟೆ.

– ನೋಡಿ, ಅವಸರ ಇಲ್ಲ. ಅಷ್ಟರಲ್ಲಿ ಒಮ್ಮೆ ಪ್ಲಗ್ಗಿಗೆ ಹಾಕಿ ತೋರಿಸಿ.

ಪೆಟ್ಟಿಗೆ ಓದುವುದು ಹೇಗೆ?

ಪೆಟ್ಟಿಗೆಯ ಅಕ್ಷರ ಇಂಗ್ಲಿಷಿನಲ್ಲಿರುತ್ತದೆ. ಹೆದರಬೇಡಿ. ಅಂಕಿಗಳು ನಿಮಗೆ ಗೊತ್ತಿರುವವೇ. ಬಿಲ್ಲಿನಲ್ಲಿ, ಬಸ್ಸಿನ ಟಿಕೆಟಿನಲ್ಲಿ ಓದುವ ಅಂಕಿಗಳೇ ಇಲ್ಲೂ ಇವೆ.

150, 200, 225 ಎಂಬ ಅಂಕಿ ರೆಕ್ಕೆಯ ಅಗಲ, ಮಿಲಿಮೀಟರಿನಲ್ಲಿ. 150 ಎಂದರೆ 6 ಇಂಚು, 200 ಎಂದರೆ 8 ಇಂಚು, 225 ಎಂದರೆ 9 ಇಂಚು. ಆರ್.ಪಿ.ಎಂ. ಎಂಬ ಮೂರು ಅಕ್ಷರದ ಪಕ್ಕದ ಅಂಕಿ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ಎಂ ಅಕ್ಷರದ ತಲೆಯ ಹತ್ತಿರ ಪುಟ್ಟದಾಗಿ 3 ಇದ್ದರೆ ಅದು ಘನ ಮೀಟರ್, ಗಾಳಿಯ ಲೆಕ್ಕ. ಡಬ್ಲ್ಯು ಅಕ್ಷರದ ಪಕ್ಕದ್ದು ವ್ಯಾಟ್, ಕರೆಂಟಿನ ಲೆಕ್ಕ. ಡಿ ಮತ್ತು ಬಿ ಜೊತೆಯಾಗಿದ್ದರೆ ಡೆಸಿಬೆಲ್.

ಡೆಸಿಬೆಲ್ ಅಂಕಿ ಎಲ್ಲಾ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಇದ್ದರೂ ಎಷ್ಟು ದೂರದಲ್ಲಿ ಅಳೆದದ್ದು ಎಂದು ನೋಡಿ. ದೂರ ಹೋದಷ್ಟು ಸದ್ದು ಕಡಿಮೆ ಕೇಳುತ್ತದಲ್ಲವೇ? 3 ಮೀಟರ್ ದೂರದಲ್ಲಿ 35 ಎಂದು ಬರೆದ ಫ್ಯಾನ್ 1 ಮೀಟರ್ ದೂರದಲ್ಲಿ ಸುಮಾರು 45 ಆಗುತ್ತದೆ. ದೂರ ಬರೆಯದ ಅಂಕಿಯನ್ನು ನಂಬಿ ಜಾಸ್ತಿ ಹಣ ಕೊಡಬೇಡಿ. ಅಂದಾಜಿಗೆ ಒಂದು ಮಾತು: ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ, ಜನ ವಾಸಿಸುವ ಪ್ರದೇಶದ ಹೊರಗಿನ ಸದ್ದಿಗೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಟ್ಟ ಮಿತಿ 45 ಡೆಸಿಬೆಲ್. ಮಲಗುವ ಕೋಣೆಯೊಳಗೆ ಅದಕ್ಕಿಂತಲೂ ಕಡಿಮೆ ಇರಬೇಕು.

ಐ.ಎಸ್.ಐ. ಗುರುತು ಉಂಟೋ ನೋಡಿ. ಒಳಗಿನ ಬೇರಿಂಗ್ ಬಾಲ್ ಬೇರಿಂಗೋ, ಬುಶ್ಶೋ ಕೇಳಿ. ಬುಶ್ ಹೊಸತರಲ್ಲಿ ಮೆತ್ತಗೆ ತಿರುಗುತ್ತದೆ, ಎಣ್ಣೆ ಒಣಗಿದ ಮೇಲೆ ಕಿರ್ರ್ ಎನ್ನುತ್ತದೆ. ತೇವದ ಕೋಣೆಗೆ ಬಾಲ್ ಬೇರಿಂಗ್, ಮುಚ್ಚಿದ ಮೋಟಾರ್, ಪ್ಲಾಸ್ಟಿಕ್ ರೆಕ್ಕೆ ಒಳ್ಳೆಯದು. ಕಬ್ಬಿಣದ ರೆಕ್ಕೆ ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ಎಲ್ಲಾ ಎಕ್ಸಾಸ್ಟ್ ಫ್ಯಾನಿಗೂ ರೆಗ್ಯುಲೇಟರ್ ಆಗುವುದಿಲ್ಲ, ಕೆಲವು ಮೋಟಾರ್ ಬಿಸಿಯಾಗುತ್ತದೆ. ಆಗುವುದಾದರೆ ಒಳಗೆ ಕೆಪಾಸಿಟರ್ ಇರುವ, 1, 2, 3 ಎಂದು ಹಂತ ಹಂತವಾಗಿ ತಿರುಗುವುದನ್ನು ಕೊಳ್ಳಿ. ಗುಂಡಿ ಸಲೀಸಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಮೋಟಾರ್ ಗುಂಯ್ ಎನ್ನುವುದುಂಟು. ಈಗ ಬಿ.ಎಲ್.ಡಿ.ಸಿ. ಮೋಟಾರಿನ ಫ್ಯಾನೂ ಬರುತ್ತದೆ. ಸದ್ದೂ ಕಡಿಮೆ, ಕರೆಂಟೂ ಕಡಿಮೆ, ಬೆಲೆ ಮಾತ್ರ ಹೆಚ್ಚು.

ಅಂಗಡಿಯಲ್ಲಿ ಫ್ಯಾನ್ ಹಾಕಿಸಿದಾಗ ಕೈಯಿಟ್ಟು ನೋಡಿ, ನಡುಗುತ್ತದೋ? ಸ್ವಿಚ್ ಆರಿಸಿ ರೆಕ್ಕೆ ನಿಲ್ಲುವವರೆಗೆ ಕಿವಿ ಕೊಡಿ. ಉಜ್ಜಿದ ಸದ್ದು ಬಂದರೆ ಬೇರೆ ಪೀಸು ಕೇಳಿ. ರಸ್ತೆ ಬದಿಯ ಅಂಗಡಿಯಲ್ಲಿ ವಾಹನಗಳ ಗದ್ದಲಕ್ಕೆ ಏನೂ ಕೇಳುವುದಿಲ್ಲ, ಒಳಗೆ ಹಾಕಿಸಿ.

ಕೂರಿಸುವಾಗ

ಒಳ್ಳೆಯ ಫ್ಯಾನನ್ನೂ ತಗಡಿಗೆ ಕೂರಿಸಿದರೆ ಅದು ಚೆಂಡೆಯಾಗುತ್ತದೆ. ತಗಡು, ಪ್ಲೈವುಡ್, ಬಾಗಿಲು ಬೇಡ. ಮುರಕಲ್ಲಿನ ಗೋಡೆ ಭಾರವಾದ್ದರಿಂದ ನಡುಗುವುದಿಲ್ಲ. ಮಲಗುವ ಕೋಣೆಯ ಗೋಡೆ ಬಿಟ್ಟು ಹೊರಗೋಡೆಯಲ್ಲಿ ಮರದ ಚೌಕಟ್ಟು ಇಡಿಸಿ. ಚೌಕಟ್ಟಿಗೂ ಫ್ಯಾನಿಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಹಾಕಿ, ಪ್ರತಿ ಸ್ಕ್ರೂವಿಗೂ ಒಂದೊಂದು ರಬ್ಬರ್ ಬಿಲ್ಲೆ. ಖರ್ಚಿಲ್ಲದ ಕೆಲಸ ಇದು.

ಬಲೆಯನ್ನು ರೆಕ್ಕೆಗೆ ತಾಗಿಸಿ ಕಟ್ಟಬೇಡಿ, ಶಿಳ್ಳೆ ಹಾಕಿದ ಹಾಗೆ ಕೇಳುತ್ತದೆ. ಒಂದು ಗೇಣು ದೂರ ಇರಲಿ.

ವಾರಕ್ಕೊಮ್ಮೆ ಪ್ಲಗ್ ಕಿತ್ತು ರೆಕ್ಕೆ ಒರಸಿ. ಅಣಬೆಯ ಹುಡಿ ತೇವಕ್ಕೆ ಅಂಟಿ ಒಂದು ರೆಕ್ಕೆ ಭಾರವಾದರೆ ಫ್ಯಾನ್ ನಡುಗುತ್ತದೆ. ಫ್ಯಾನ್ ಹಾಳಾಯ್ತು ಎಂದು ಗುಜರಿಗೆ ಹಾಕುವ ಮೊದಲು ಒಮ್ಮೆ ಒರಸಿ ನೋಡಿ.

ಎಚ್ಚರಿಕೆ: ಚೀಲಕ್ಕೆ ನೀರು ಚಿಮುಕಿಸುವಾಗ ಫ್ಯಾನ್ ಆರಿಸಿ. ಸ್ವಿಚ್ ಕೋಣೆಯ ಹೊರಗಿರಲಿ. ಅರ್ತ್ ಇರುವ ಮೂರು ಕಾಲಿನ ಪ್ಲಗ್ ಬೇಕು. ಮೀಟರಿನ ಹತ್ತಿರ ಇ.ಎಲ್.ಸಿ.ಬಿ. ಉಂಟೋ ಇಲ್ಲವೋ ವಯರಿಂಗಿನವರ ಹತ್ತಿರ ಕೇಳಿ. ಇಲ್ಲದಿದ್ದರೆ ಫ್ಯಾನಿಗಿಂತ ಮೊದಲು ಅದನ್ನು ಹಾಕಿಸಿ.

ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವ, ತೊಂದರೆ ಇಲ್ಲ. ಮಾರ್ಚಿನಿಂದ ಮೇವರೆಗೆ ಕಿಂಡಿಯ ಎದುರು ಒದ್ದೆ ಗೋಣಿ ತೂಗಹಾಕಿ. ಗೋಣಿ ಕಿಂಡಿಗೆ ಅಂಟಬಾರದು, ಗಾಳಿಗೆ ದಾರಿ ಇರಬೇಕು. ರಾತ್ರಿ ಟೈಮರ್ ಹಾಕಿ ಆಗಾಗ ಓಡಿಸುವುದಕ್ಕಿಂತ ನಿಧಾನವಾಗಿ ಬಿಡದೆ ಓಡಿಸುವುದು ಮೇಲು. ಒಂದೇ ಸಮನೆಯ ಸಣ್ಣ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ. ನಿಂತು ನಿಂತು ಶುರುವಾಗುವ ಸದ್ದು ನಿದ್ದೆ ಕೆಡಿಸುತ್ತದೆ.

ಬಿಲ್ಲು ಎಷ್ಟು ಬಂದೀತು? 1000 ವ್ಯಾಟ್ ಒಂದು ಗಂಟೆ ಓಡಿದರೆ 1 ಯೂನಿಟ್. 30 ವ್ಯಾಟಿನ ಫ್ಯಾನ್ ದಿನವಿಡೀ ಓಡಿದರೆ 30 × 24 = 720. ನಮ್ಮಲ್ಲಿ ಎರಡು ತಿಂಗಳಿಗೊಮ್ಮೆ ಬಿಲ್ಲು. 720 × 60 = 43,200. ಎಂದರೆ 43 ಯೂನಿಟ್. ನಿಧಾನ ತಿರುಗಿಸಿದರೆ ಇನ್ನೂ ಕಡಿಮೆ.

ಹೊಸ ಪದಗಳು

ಘನ ಮೀಟರ್: ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಜಾಗ. ಡೆಸಿಬೆಲ್: ಸದ್ದಿನ ಅಳತೆ. ಬೀಜಾಣು: ಅಣಬೆಯಿಂದ ಉದುರುವ ಹುಡಿ. ಬೇರಿಂಗ್: ತಿರುಗುವ ಕಂಬಿಯನ್ನು ಹಿಡಿದಿರುವ ಭಾಗ.

ಮಾಡಿ ನೋಡಿ

1. ನಿಮ್ಮ ಮನೆಯ ಒಂದು ಕೋಣೆ ಅಳೆಯಿರಿ. ಅದರಲ್ಲಿ ಎಷ್ಟು ಘನ ಮೀಟರ್ ಗಾಳಿ ಉಂಟು? ಗಂಟೆಗೆ 8 ಸಲ ಬದಲಾಗಲು ಎಷ್ಟು ಬೇಕು?

2. ಎರಡು ಪೆಟ್ಟಿಗೆ ಇವೆ. ಒಂದರಲ್ಲಿ 150 ಮಿ.ಮೀ., 2000 ಸುತ್ತು, 40 ಡೆಸಿಬೆಲ್, ದೂರ ಬರೆದಿಲ್ಲ. ಇನ್ನೊಂದರಲ್ಲಿ 200 ಮಿ.ಮೀ., 1300 ಸುತ್ತು, 1 ಮೀಟರ್ ದೂರದಲ್ಲಿ 44 ಡೆಸಿಬೆಲ್, ರೆಗ್ಯುಲೇಟರ್ ಹಾಕಬಹುದು. ಅತ್ತೆ ಮಲಗುವ ಕೋಣೆಯ ಪಕ್ಕಕ್ಕೆ ನೀವು ಯಾವುದನ್ನು ಕೊಳ್ಳುತ್ತೀರಿ? ಯಾಕೆ? ಮೂರು ವಾಕ್ಯ ಬರೆಯಿರಿ.

3. ಕೊನೆಯ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ ಎಷ್ಟು ಎಂದು ಹುಡುಕಿ. ಅದಕ್ಕೆ 43 ಕೂಡಿಸಿ. ನಿಮ್ಮ ದರದ ಹಂತ ಬದಲಾಗುತ್ತದೆಯೇ? ಬಿಲ್ಲನ್ನು ತರಗತಿಗೆ ತನ್ನಿ, ಒಟ್ಟಿಗೆ ಓದೋಣ.